ಋಣ ಘಾತಾಂಕವಿರುವ ಭಿನ್ನರಾಶಿ: ಉತ್ತರ ತಪ್ಪಿದಾಗ ತಪ್ಪನ್ನು ಹಿಡಿಯುವ ಬಗೆ

ಪಿಯುಸಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಒಂದು ಸಂಜೆ ನೋಟ್‌ಬುಕ್ ಹಿಡಿದು ನಮ್ಮ ಮನೆಗೆ ಬಂದಳು. ಸಂಕ್ಷೇಪಿಸಬೇಕಾಗಿದ್ದ ಲೆಕ್ಕ ಇದು:

(ಅ − 9ಅ⁻¹) / (1 + 3ಅ⁻¹)

ಅವಳಿಗೆ ಬಂದಿದ್ದ ಉತ್ತರ (ಅ² − 9)/4. ಪುಸ್ತಕದ ಕೊನೆಯಲ್ಲಿದ್ದ ಉತ್ತರ ಅ − 3. "ಸರ್, ನಾನು ತಾಳೆ ನೋಡಿದ್ದೇನೆ. 'ಅ' ಜಾಗದಲ್ಲಿ 1 ಹಾಕಿದರೆ ಲೆಕ್ಕಕ್ಕೂ −2 ಬರುತ್ತದೆ, ನನ್ನ ಉತ್ತರಕ್ಕೂ −2, ಪುಸ್ತಕದ್ದಕ್ಕೂ −2. ಹಾಗಾದರೆ ಎರಡೂ ಸರಿಯೇ?" ಎಂದು ಕೇಳಿದಳು.

ಅವಳ ಪ್ರಶ್ನೆ ನನಗೆ ಬಹಳ ಹಿಡಿಸಿತು. ತಾಳೆ ನೋಡುವ ಅಭ್ಯಾಸವೇ ಮಕ್ಕಳಲ್ಲಿ ಅಪರೂಪ, ಅವಳು ನೋಡಿದ್ದಳು. ತಾಳೆಗೆ ಆರಿಸಿಕೊಂಡ ಸಂಖ್ಯೆ ಮಾತ್ರ ಕೈಕೊಟ್ಟಿತ್ತು. 2 ಹಾಕಿ ನೋಡು ಎಂದೆ. ಲೆಕ್ಕದ ಬೆಲೆ −1, ಪುಸ್ತಕದ ಉತ್ತರದ ಬೆಲೆ −1, ಅವಳದು −5/4. ತಪ್ಪು ಇದೆ ಎಂಬುದು ಗೊತ್ತಾಯಿತು. ಎಲ್ಲಿದೆ ಎಂಬುದನ್ನು ಹಿಡಿಯಲು ಇನ್ನೂ ಹತ್ತು ನಿಮಿಷ ಬೇಕಾಯಿತು. ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು ಎಂಬುದೇ ಈ ಬರಹ.

ಇಲ್ಲಿ ಚರಾಕ್ಷರಗಳಿಗೆ 'ಅ', 'ಬ' ಎಂದು ಬರೆದಿದ್ದೇನೆ. ನಿಮ್ಮ ಪುಸ್ತಕದಲ್ಲಿ ಎಕ್ಸ್, ವೈ ಇದ್ದರೆ ಆ ಜಾಗದಲ್ಲಿ ಅವನ್ನೇ ಇಟ್ಟುಕೊಂಡು ಓದಿ. 12ನೆಯ ಶತಮಾನದಲ್ಲಿ ಭಾಸ್ಕರಾಚಾರ್ಯರು ಅವ್ಯಕ್ತ ರಾಶಿಗಳನ್ನು ಯಾವತ್ತಾವತ್, ಕಾಲಕ, ನೀಲಕ ಎಂದು ಕರೆದು, ಲೆಕ್ಕ ಮಾಡುವಾಗ ಯಾ, ಕಾ, ನೀ ಎಂಬ ಮೊದಲಕ್ಷರಗಳನ್ನು ಬಳಸಿದ್ದರು. ನಮ್ಮ ಅಕ್ಷರಗಳಲ್ಲಿ ಬೀಜಗಣಿತ ಬರೆಯುವುದು ಹೊಸ ಸಾಹಸವೇನೂ ಅಲ್ಲ.

ಮೊದಲ ಕೆಲಸ: ತಪ್ಪು ನಿಜಕ್ಕೂ ಇದೆಯೇ?

ಸಂಕ್ಷೇಪಿಸುವುದು ಎಂದರೆ ರೂಪ ಬದಲಿಸುವುದು, ಬೆಲೆ ಬದಲಾಗಬಾರದು. ಅಕ್ಷರದ ಜಾಗದಲ್ಲಿ ಒಂದು ಸಂಖ್ಯೆ ಹಾಕಿದಾಗ ಮೊದಲ ಸಾಲಿಗೆ ಬಂದ ಬೆಲೆಯೇ ಕೊನೆಯ ಸಾಲಿಗೂ ಬರಬೇಕು. ಬರದಿದ್ದರೆ ತಪ್ಪಿರುವುದು ಖಚಿತ. ಬಂದರೆ ಸರಿಯಿರುವ ಸಾಧ್ಯತೆ ಹೆಚ್ಚು, ಅಷ್ಟೇ. ಈ ಎರಡು ಮಾತುಗಳ ತೂಕ ಒಂದೇ ಅಲ್ಲ ಎಂಬುದನ್ನು ನೆನಪಿಡಬೇಕು.

ಯಾವ ಸಂಖ್ಯೆ ಹಾಕಬೇಕು? ಸೊನ್ನೆ ಆಗುವುದಿಲ್ಲ, 0⁻¹ ಎಂದರೆ 1 ಭಾಗಿಸು 0, ಅದಕ್ಕೆ ಅರ್ಥವೇ ಇಲ್ಲ. 1 ಬಹಳ ಕೆಟ್ಟ ಆಯ್ಕೆ. 1ರ ಯಾವ ಘಾತವಾದರೂ 1 ಆಗಿರುವುದರಿಂದ ಘಾತಾಂಕದಲ್ಲಿ ಮಾಡಿದ ಪ್ರತಿಯೊಂದು ತಪ್ಪೂ ಅದರ ಹಿಂದೆ ಅಡಗಿಕೊಳ್ಳುತ್ತದೆ. ನಾವು ಹುಡುಕುತ್ತಿರುವುದೇ ಘಾತಾಂಕದ ತಪ್ಪನ್ನು! −1 ಕೂಡ ಹಾಗೆಯೇ, 1 ಮತ್ತು −1 ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಎರಡು ಅಕ್ಷರಗಳಿದ್ದರೆ ಎರಡಕ್ಕೂ ಒಂದೇ ಸಂಖ್ಯೆ ಹಾಕಬಾರದು. 2 ಮತ್ತು 4 ಕೂಡ ಬೇಡ, ಏಕೆಂದರೆ 4 ಎಂದರೆ 2². ಒಂದು ಅಕ್ಷರದ ತಪ್ಪು ಇನ್ನೊಂದರ ಬೆಲೆಯಾಗಿ ವೇಷ ಹಾಕಿಕೊಂಡು ಬರಬಹುದು.

2ರ ಬಗ್ಗೆ ಒಂದು ಎಚ್ಚರಿಕೆ. 2 + 2, 2 × 2, 2² ಮೂರೂ 4. ಹೀಗಾಗಿ ಅ² ಇರಬೇಕಾದ ಕಡೆ 2ಅ ಬರೆದಿದ್ದರೆ 2 ಹಾಕಿ ತಾಳೆ ನೋಡಿದವರಿಗೆ ಅದು ಕಾಣುವುದಿಲ್ಲ. ಇದಕ್ಕಿಂತ ನವಿರಾದ ಮೋಸವೂ ನಡೆಯುತ್ತದೆ. (1 + ಅ⁻¹)/(1 − ಅ⁻²) ಎಂಬ ಲೆಕ್ಕಕ್ಕೆ ಒಬ್ಬ ವಿದ್ಯಾರ್ಥಿ 'ಅ' ಎಂದೇ ಉತ್ತರ ಬರೆದಿದ್ದ. 2 ಹಾಕಿದರೆ ಲೆಕ್ಕದ ಬೆಲೆ (3/2) ÷ (3/4), ಅಂದರೆ 2. ಉತ್ತರದ ಬೆಲೆಯೂ 2. ಅವನು ನೆಮ್ಮದಿಯಿಂದ ಮುಂದಿನ ಲೆಕ್ಕಕ್ಕೆ ಹೋಗಿದ್ದ. ನಡೆದದ್ದೇನು ಎಂದರೆ, ಮೇಲಿನ 1 ಮತ್ತು ಕೆಳಗಿನ 1 ಎರಡನ್ನೂ ಹೊಡೆದು ಹಾಕಿ ಅ⁻¹/ಅ⁻² ಉಳಿಸಿಕೊಂಡಿದ್ದ; ಕೆಳಗಿದ್ದ ಕಳೆಯುವ ಚಿಹ್ನೆಯನ್ನೂ ಮರೆತಿದ್ದ. ಒಂದೇ ಲೆಕ್ಕದಲ್ಲಿ ಎರಡು ತಪ್ಪು, ಎರಡೂ ಸೇರಿ 2ರ ಪರೀಕ್ಷೆಯಲ್ಲಿ ಪಾಸಾಗಿದ್ದವು. 3 ಹಾಕಿದಾಗ ಗುಟ್ಟು ಹೊರಬಿತ್ತು: ಲೆಕ್ಕದ ಬೆಲೆ 3/2, ಅವನ ಉತ್ತರ 3. ಸರಿಯಾದ ಉತ್ತರ ಅ/(ಅ − 1).

ಆದ್ದರಿಂದ ನನ್ನ ರೂಢಿ ಹೀಗಿದೆ. ಸಂಖ್ಯೆಗಳು ಚಿಕ್ಕದಿರಲಿ ಎಂದು ಮೊದಲ ಸುತ್ತಿಗೆ 'ಅ' ಜಾಗದಲ್ಲಿ 2, 'ಬ' ಜಾಗದಲ್ಲಿ 3. ಅದರಲ್ಲಿ ತಾಳೆಯಾದರೆ ಸುಮ್ಮನಾಗದೆ 3 ಮತ್ತು 5 ಹಾಕಿ ಇನ್ನೊಂದು ಸುತ್ತು. ಭಿನ್ನರಾಶಿಗಳನ್ನು ಭಿನ್ನರಾಶಿಗಳಾಗಿಯೇ ಇಟ್ಟುಕೊಳ್ಳಿ. 0.33, 0.17 ಎಂದು ದಶಮಾಂಶಕ್ಕೆ ಇಳಿಸಿದರೆ ಸಣ್ಣ ವ್ಯತ್ಯಾಸ ಬಂದಾಗ ಅದು ತಪ್ಪಿನದೋ ಅಂದಾಜಿನದೋ ಎಂಬ ಗೊಂದಲ ಶುರುವಾಗುತ್ತದೆ.

ಎರಡನೆಯ ಕೆಲಸ: ಯಾವ ಸಾಲಿನಲ್ಲಿ?

ತಪ್ಪಿದೆ ಎಂದು ಗೊತ್ತಾದ ತಕ್ಷಣ ಇಡೀ ಲೆಕ್ಕವನ್ನು ಹೊಡೆದು ಹಾಕಿ ಮೊದಲಿನಿಂದ ಮಾಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಯಾವ ತಿಳಿವಳಿಕೆಯಿಂದ ಮೊದಲ ಸಲ ತಪ್ಪಾಯಿತೋ ಅದೇ ತಿಳಿವಳಿಕೆ ಎರಡನೆಯ ಸಲವೂ ಅದೇ ತಿರುವಿನಲ್ಲಿ ಕಾಯುತ್ತಿರುತ್ತದೆ. ತಪ್ಪಾದ ಲೆಕ್ಕ ಹಾಗೆಯೇ ಇರಲಿ. ಅದರ ಪಕ್ಕದ ಅಂಚಿನಲ್ಲಿ ಪ್ರತಿ ಸಾಲಿನ ಬೆಲೆಯನ್ನು ಬರೆಯುತ್ತಾ ಬನ್ನಿ. ಆ ಹುಡುಗಿಯ ಪುಟ ಹೀಗಿತ್ತು. ಬಲಬದಿಗೆ ಇರುವುದು 'ಅ' ಜಾಗದಲ್ಲಿ 2 ಹಾಕಿದಾಗ ಸಿಕ್ಕ ಬೆಲೆ.

(ಅ − 9ಅ⁻¹) / (1 + 3ಅ⁻¹) → −1
(ಅ − 9/ಅ) / (1 + 3/ಅ) → −1
((ಅ² − 9)/ಅ) / ((1 + 3)/ಅ) → −5/4
(ಅ² − 9)/4 → −5/4

ಎರಡನೆಯ ಸಾಲಿನವರೆಗೆ ಬೆಲೆ ಗಟ್ಟಿಯಾಗಿ ನಿಂತಿದೆ. ಮೂರನೆಯದರಲ್ಲಿ ಜಾರಿದೆ. ಅಂದರೆ ಋಣ ಘಾತಾಂಕವನ್ನು ಅವಳು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದಾಳೆ; 9ಅ⁻¹ ಎಂದರೆ 9/ಅ ಎಂದು ಅವಳಿಗೆ ಗೊತ್ತು. ಛೇದಗಳನ್ನು ಒಂದು ಮಾಡುವಾಗ, ಮೇಲೆ ಅಂಶದಲ್ಲಿದ್ದ 'ಅ'ವನ್ನು ಅ²/ಅ ಮಾಡಿಕೊಂಡವಳು ಕೆಳಗಿನ 1ನ್ನು ಅ/ಅ ಮಾಡಿಕೊಳ್ಳಲು ಮರೆತಿದ್ದಾಳೆ. ಅಲ್ಲಿ (ಅ + 3)/ಅ ಬರಬೇಕಿತ್ತು. ನಾನು ಅವಳಿಗೆ ಋಣ ಘಾತಾಂಕದ ಪಾಠವನ್ನು ಮೊದಲಿನಿಂದ ಹೇಳಲು ಕೂತಿದ್ದರೆ ಇಬ್ಬರ ಸಮಯವೂ ಹಾಳಾಗುತ್ತಿತ್ತು. ಅವಳ ರೋಗ ಐದನೆಯ ತರಗತಿಯ ಭಿನ್ನರಾಶಿ ಕೂಡುವುದರಲ್ಲಿತ್ತು. 1 ಹಾಕಿದಾಗ ತಾಳೆಯಾದದ್ದೇಕೆ ಎಂಬುದೂ ಈಗ ಸ್ಪಷ್ಟ: 'ಅ' 1 ಆದಾಗ 1 + 3 ಮತ್ತು ಅ + 3 ಎರಡೂ ಒಂದೇ.

ಲೆಕ್ಕ ಹತ್ತು ಹನ್ನೆರಡು ಸಾಲು ಉದ್ದವಿದ್ದರೆ ಎಲ್ಲ ಸಾಲಿಗೂ ಬೆಲೆ ಹಾಕಬೇಕಾಗಿಲ್ಲ. ನಡುವಿನ ಸಾಲಿಗೆ ಹಾಕಿ ನೋಡಿ. ಬೆಲೆ ಸರಿಯಿದ್ದರೆ ತಪ್ಪು ಕೆಳಗಿನ ಅರ್ಧದಲ್ಲಿದೆ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿದೆ. ಒಂದು ಕೋಣೆಗೆ ಕರೆಂಟ್ ಬರದಿದ್ದಾಗ ಎಲೆಕ್ಟ್ರಿಷಿಯನ್ ಟೆಸ್ಟರ್ ಹಿಡಿದು ನಡುವಿನ ಜಂಕ್ಷನ್ ಬಾಕ್ಸನ್ನು ಮೊದಲು ಬಿಚ್ಚುವಂತೆ. ಮೂರು ನಾಲ್ಕು ಸಲ ನೋಡುವುದರೊಳಗೆ ಜಾರಿದ ಸಾಲು ಸಿಕ್ಕಿರುತ್ತದೆ.

ಇದೆಲ್ಲ ಆಗಬೇಕಾದರೆ ಸಾಲುಗಳು ಇರಬೇಕು! ಮೊದಲ ಸಾಲಿನಿಂದ ಒಮ್ಮೆಲೇ ಉತ್ತರಕ್ಕೆ ಹಾರಿದವರ ಪುಟದಲ್ಲಿ ಹುಡುಕಲು ಏನೂ ಇರುವುದಿಲ್ಲ. ಒಂದು ಸಾಲಿಗೆ ಒಂದೇ ಬದಲಾವಣೆ ಎಂಬ ಶಿಸ್ತನ್ನು, ಕನಿಷ್ಠ ತಪ್ಪು ಹುಡುಕುವ ಹೊತ್ತಿನಲ್ಲಾದರೂ, ಪಾಲಿಸಿ.

ಎಲ್ಲಕ್ಕಿಂತ ದೊಡ್ಡ ದೋಷ: ಪದವನ್ನು ಗೆರೆ ದಾಟಿಸುವುದು

ಇಷ್ಟು ವರ್ಷ ನೋಟ್‌ಬುಕ್ ತಿದ್ದಿದ ಮೇಲೆ ನನಗೆ ಒಂದು ಮಾತು ಖಚಿತವಾಗಿದೆ. ಈ ಅಧ್ಯಾಯದಲ್ಲಿ ಮಕ್ಕಳು ಎಡವುವುದು ಋಣ ಚಿಹ್ನೆ ಅರ್ಥವಾಗದೆ ಅಲ್ಲ. ಒಂದು ಅರ್ಧ ನಿಯಮವನ್ನು ಪೂರ್ತಿ ನಿಯಮವೆಂದು ನಂಬಿ. "ಗೆರೆಯ ಮೇಲಿಂದ ಕೆಳಗೆ ಹೋದರೆ ಘಾತಾಂಕದ ಚಿಹ್ನೆ ಬದಲಾಗುತ್ತದೆ" ಎಂದು ನಾವೇ, ಶಿಕ್ಷಕರೇ, ಕರಿಹಲಗೆಯ ಮುಂದೆ ನಿಂತು ಹೇಳಿಕೊಟ್ಟಿದ್ದೇವೆ. ಏನು ಹೋದರೆ ಎಂಬುದನ್ನು ಹೇಳಲಿಲ್ಲ. ಅಪವರ್ತನ ಹೋದರೆ ಮಾತ್ರ. ಇಡೀ ಅಂಶಕ್ಕೆ ಗುಣಿಸಿಕೊಂಡು ನಿಂತಿರುವುದು ಅಪವರ್ತನ. ಕೂಡುವ ಅಥವಾ ಕಳೆಯುವ ಚಿಹ್ನೆಯಿಂದ ಬೇರ್ಪಟ್ಟು ನಿಂತಿರುವುದು ಪದ. ಅ⁻²ಬ/ಬ⁻³ ಎಂಬುದರಲ್ಲಿ ಅ⁻² ಅಪವರ್ತನ; ಅದು ಕೆಳಗೆ ಹೋಗಬಹುದು, ಉತ್ತರ ಬ⁴/ಅ². ಆದರೆ (ಅ⁻² + ಬ)/ಬ ಎಂಬುದರಲ್ಲಿ ಅದೇ ಅ⁻² ಒಂದು ಪದ. ಅದನ್ನು ಕೆಳಗಿಳಿಸಿ ಬ/(ಅ²ಬ) ಎಂದು ಬರೆದು 1/ಅ² ಉತ್ತರ ಕೊಟ್ಟವರು ಎಷ್ಟು ಮಂದಿಯೋ. 2 ಮತ್ತು 3 ಹಾಕಿ: ಲೆಕ್ಕದ ಬೆಲೆ 13/12, ಅವರ ಉತ್ತರ 1/4. ಸರಿಯಾದ ರೂಪ (1 + ಅ²ಬ)/(ಅ²ಬ).

ಈ ದೋಷ ಅತ್ಯಂತ ಚೆನ್ನಾಗಿ ಮೈದೋರುವ ಲೆಕ್ಕ ಇದು:

(ಅ⁻¹ + ಬ⁻¹) / (ಅ⁻² − ಬ⁻²)

ಅರ್ಧ ನಿಯಮದವರು ನಾಲ್ಕನ್ನೂ ದಾಟಿಸುತ್ತಾರೆ. (ಅ² − ಬ²)/(ಅ + ಬ) ಆಗುತ್ತದೆ, ಅಪವರ್ತಿಸಿದರೆ ಅ − ಬ ಉಳಿಯುತ್ತದೆ. ನೋಡಲು ಎಷ್ಟು ಅಚ್ಚುಕಟ್ಟಾದ ಉತ್ತರ! ಚೊಕ್ಕವಾಗಿ ಮುಗಿದ ಲೆಕ್ಕ ತಪ್ಪಿರಲಾರದು ಎಂದು ಮನಸ್ಸು ಒಪ್ಪಿಬಿಡುತ್ತದೆ. 2 ಮತ್ತು 3 ಹಾಕಿ ನೋಡಿ. ಮೇಲೆ 1/2 + 1/3, ಅಂದರೆ 5/6. ಕೆಳಗೆ 1/4 − 1/9, ಅಂದರೆ 5/36. ಭಾಗಿಸಿದರೆ 6. ಅ − ಬ ಕೊಡುವುದು −1.

ಸಂಖ್ಯೆಗಳಿಂದ ಮನವರಿಕೆಯಾಗದವರಿಗೆ ನಾನು ನೀರಿನ ತೊಟ್ಟಿಯ ಲೆಕ್ಕ ಹೇಳುತ್ತೇನೆ. ಒಂದು ನಲ್ಲಿ ತೊಟ್ಟಿಯನ್ನು 3 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 6 ಗಂಟೆಯಲ್ಲಿ. ಎರಡನ್ನೂ ಒಟ್ಟಿಗೆ ತೆರೆದರೆ ಗಂಟೆಗೆ ತುಂಬುವ ಭಾಗ 3⁻¹ + 6⁻¹, ಅಂದರೆ ಅರ್ಧ ತೊಟ್ಟಿ. ತುಂಬಲು ಬೇಕಾದ ಸಮಯ (3⁻¹ + 6⁻¹)⁻¹, ಅಂದರೆ 2 ಗಂಟೆ. ಹೊರಗಿನ −1 ಒಳಗಿನ −1ಗಳನ್ನು ಅಳಿಸಿ ಹಾಕುತ್ತದೆ ಎಂದುಕೊಂಡವರಿಗೆ 3 + 6, ಒಟ್ಟು 9 ಗಂಟೆ ಬರುತ್ತದೆ. ಒಂದೇ ನಲ್ಲಿ 3 ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಇನ್ನೊಂದು ನಲ್ಲಿಯೂ ಜೊತೆಯಾದಾಗ 9 ಗಂಟೆ ಹಿಡಿಯುವುದುಂಟೇ? ಭೌತಶಾಸ್ತ್ರ ಓದುವವರು ಇದನ್ನೇ ಸಮಾಂತರ ಜೋಡಣೆಯಲ್ಲಿ ನೋಡಬಹುದು. 30 ಓಮ್ ಮತ್ತು 60 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ (30⁻¹ + 60⁻¹)⁻¹, ಅಂದರೆ 20 ಓಮ್. ತಪ್ಪಾಗಿ ದಾಟಿಸಿದರೆ ಸಿಗುವ 90 ಓಮ್ ಸರಣಿ ಜೋಡಣೆಯ ರೋಧ. ಬೀಜಗಣಿತದ ಒಂದು ತಪ್ಪು ಹೆಜ್ಜೆ ಇಡೀ ಮಂಡಲವನ್ನೇ ಬದಲಿಸಿಬಿಟ್ಟಿತು.

ಪರಿಹಾರಕ್ಕೆ ನನಗೆ ಹೆಚ್ಚು ಇಷ್ಟವಾದ ದಾರಿ ಇದು. ಪ್ರತಿಯೊಂದು ಅಕ್ಷರಕ್ಕೂ ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಋಣವಾಗಿರುವ ಘಾತಾಂಕ ಯಾವುದು ಎಂದು ನೋಡಿ. ಇಲ್ಲಿ 'ಅ'ಗೆ −2, 'ಬ'ಗೂ −2. ಹಾಗಾಗಿ ಅಂಶವನ್ನೂ ಛೇದವನ್ನೂ ಅ²ಬ² ಇಂದ ಗುಣಿಸಿ. ಎರಡನ್ನೂ ಒಂದೇ ರಾಶಿಯಿಂದ ಗುಣಿಸಿದ್ದರಿಂದ ಬೆಲೆ ಬದಲಾಗುವುದಿಲ್ಲ. ಈ ಕಾರಣ ಕಣ್ಣೆದುರಿಗೇ ಇರುವುದರಿಂದಲೇ ಈ ದಾರಿ ನನಗೆ ಇಷ್ಟ. ಅಂಶ ಅಬ² + ಅ²ಬ ಆಗುತ್ತದೆ, ಅಂದರೆ ಅಬ(ಅ + ಬ). ಛೇದ ಬ² − ಅ² ಆಗುತ್ತದೆ, ಅಂದರೆ (ಬ − ಅ)(ಬ + ಅ). ಈಗ (ಅ + ಬ) ಎರಡೂ ಕಡೆ ಅಪವರ್ತನವಾಗಿ ನಿಂತಿದೆ, ಹೊಡೆದು ಹಾಕುವ ಹಕ್ಕು ನಮಗಿದೆ. ಉಳಿಯುವುದು ಅಬ/(ಬ − ಅ). ತಾಳೆ: 6/1, ಅಂದರೆ 6.

ಗುಣಿಸುವಾಗ ಯಾವ ಪದವೂ ತಪ್ಪಿಸಿಕೊಳ್ಳಬಾರದು. ಒಂಟಿಯಾಗಿ ನಿಂತ 1 ಬಹಳ ಸಲ ತಪ್ಪಿಸಿಕೊಳ್ಳುತ್ತದೆ, ಅದರಲ್ಲಿ ಋಣ ಘಾತಾಂಕ ಕಾಣದಿರುವುದರಿಂದ. (1 + ಅ⁻¹)/(1 − ಅ⁻²) ಲೆಕ್ಕದಲ್ಲಿ ಅ² ಇಂದ ಗುಣಿಸುವಾಗ 1ನ್ನು ಹಾಗೆಯೇ ಬಿಟ್ಟರೆ ಕೆಳಗೆ 1 − 1, ಅಂದರೆ ಸೊನ್ನೆ ಬಂದು ಕೂರುತ್ತದೆ. ಛೇದದಲ್ಲಿ ಎಲ್ಲಿಂದಲೋ ಸೊನ್ನೆ ಪ್ರತ್ಯಕ್ಷವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಲಕ್ಷಣ ನೋಡಿ ಗುರುತಿಸಬಹುದಾದ ಉಳಿದ ದೋಷಗಳು

ಜಾರಿದ ಸಾಲು ಸಿಕ್ಕ ಮೇಲೆ ಸರಿಯಾದ ಬೆಲೆಗೂ ತಪ್ಪು ಬೆಲೆಗೂ ಇರುವ ಸಂಬಂಧವನ್ನು ನೋಡಿ. ಅನೇಕ ಸಲ ಅದೇ ದೋಷದ ಹೆಸರನ್ನು ಹೇಳುತ್ತದೆ.

ಧನ ಸಂಖ್ಯೆ ಹಾಕಿದಾಗ ಒಂದೇ ಒಂದು ಘಾತಕ್ಕೆ ಋಣ ಬೆಲೆ ಬಂದಿದ್ದರೆ, ಉದಾಹರಣೆಗೆ 2⁻³ ಎಂಬುದಕ್ಕೆ −8 ಅಥವಾ −6 ಎಂದು ಬರೆದಿದ್ದರೆ, ಘಾತಾಂಕದ ಚಿಹ್ನೆಯನ್ನು ಸಂಖ್ಯೆಯ ಚಿಹ್ನೆ ಎಂದು ತಿಳಿದಿದ್ದಾರೆ. ಎಂಟನೆಯ ತರಗತಿಯಲ್ಲಿ ಇದು ಸಾಮಾನ್ಯ. ಇದಕ್ಕೆ ನಿಯಮ ಹೇಳುವುದಕ್ಕಿಂತ ಏಣಿ ಇಳಿಸುವುದು ಒಳ್ಳೆಯದು. 2³ ಎಂದರೆ 8, 2² ಎಂದರೆ 4, 2¹ ಎಂದರೆ 2. ಪ್ರತಿ ಮೆಟ್ಟಿಲಿಗೂ ಅರ್ಧವಾಗುತ್ತಿದೆ. ಹಾಗೆಯೇ ಇಳಿಯುತ್ತಾ ಹೋದರೆ 2⁰ ಎಂದರೆ 1, 2⁻¹ ಎಂದರೆ 1/2, 2⁻² ಎಂದರೆ 1/4, 2⁻³ ಎಂದರೆ 1/8. ಅರ್ಧ ಮಾಡುತ್ತಾ ಇಳಿಯುವವರು ಎಂದೂ ಸೊನ್ನೆಯ ಕೆಳಗೆ ಹೋಗುವುದಿಲ್ಲ. ಇದು ಬರೆಯುವ ರೀತಿಗೆ ಸಂಬಂಧಿಸಿದ ಒಪ್ಪಂದ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 1676ರಲ್ಲಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್‌ಗೆ ತಲುಪಲೆಂದು ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗ್ ಅವರಿಗೆ ಬರೆದ ಪತ್ರದಲ್ಲಿ ನ್ಯೂಟನ್, ಇತರರು 1 ಭಾಗಿಸು 'ಅ', 1 ಭಾಗಿಸು 'ಅಅ' ಎಂದು ಬರೆಯುವ ಕಡೆ ತಾನು −1, −2 ಎಂಬ ಘಾತಾಂಕಗಳನ್ನು ಬರೆಯುವುದಾಗಿ ವಿವರಿಸುತ್ತಾನೆ. ಅಷ್ಟು ದೊಡ್ಡ ಗಣಿತಜ್ಞನೂ ಈ ಬರವಣಿಗೆಯನ್ನು ವಿವರಿಸಿ ಹೇಳಬೇಕಾಗಿತ್ತು. ಎಂಟನೆಯ ತರಗತಿಯ ಮಗು ಮೊದಲ ದಿನ ತಡವರಿಸಿದರೆ ಗದರಬೇಕಾದ ಅಗತ್ಯವಿಲ್ಲ.

ಸರಿಯಾದ ಬೆಲೆಯನ್ನು ತಪ್ಪು ಬೆಲೆಯಿಂದ ಭಾಗಿಸಿದಾಗ ಸಹಗುಣಕದ ವರ್ಗ ಬಂದರೆ, ಅಕ್ಷರದ ಜೊತೆ ಸಹಗುಣಕವೂ ಗೆರೆ ದಾಟಿದೆ ಎಂದು ತಿಳಿಯಿರಿ. 3ಅ⁻² ಎಂದರೆ 3/ಅ². ಅದನ್ನು 1/(3ಅ²) ಎಂದು ಬರೆದವರಿಗೆ 2 ಹಾಕಿದಾಗ 3/4 ಬದಲು 1/12 ಬರುತ್ತದೆ. ಒಂದು ಇನ್ನೊಂದರ 9 ಪಟ್ಟು, ಅಂದರೆ 3². ಘಾತಾಂಕ ತನಗೆ ತಾಗಿಕೊಂಡು ನಿಂತದ್ದಕ್ಕೆ ಮಾತ್ರ ಸೇರಿದ್ದು. 3ಅ⁻² ಎಂಬುದರಲ್ಲಿ ಅದು 'ಅ'ಗೆ ತಾಗಿದೆ. (3ಅ)⁻² ಎಂದಿದ್ದರೆ ಆವರಣಕ್ಕೆ ತಾಗಿದೆ, ಆಗ 1/(9ಅ²) ಸರಿ. ಮುಂದೆ ನಿಂತ ಋಣ ಚಿಹ್ನೆಯದೂ ಇದೇ ಕಥೆ: −ಅ⁻² ಎಂದರೆ −1/ಅ², (−ಅ)⁻² ಎಂದರೆ 1/ಅ². ಘಾತಾಂಕವನ್ನು ಧನ ಮಾಡುವ ಭರದಲ್ಲಿ ಮುಂದಿನ ಋಣ ಚಿಹ್ನೆಯನ್ನೂ ಧನ ಮಾಡಿಬಿಡುವವರಿದ್ದಾರೆ. ಬೆಲೆ ಸರಿಯಾಗಿದ್ದು ಚಿಹ್ನೆ ಮಾತ್ರ ಉಲ್ಟಾ ಆಗಿದ್ದರೆ ಅಲ್ಲಿ ಹುಡುಕಿ. ಅಲ್ಲಿಯೂ ಸಿಗದಿದ್ದರೆ ಬ − ಅ ಇದ್ದದ್ದು ಅ − ಬ ಆಗಿದೆಯೇ ನೋಡಿ. 1/ಅ² − 1/ಬ² ಎಂಬುದರ ಛೇದ ಒಂದು ಮಾಡಿದಾಗ ಮೇಲೆ ಬರುವುದು ಬ² − ಅ². ಅಕ್ಷರಗಳು ಅದಲುಬದಲಾಗುವ ಈ ಜಾಗದಲ್ಲಿ ಕೈ ತಾನಾಗಿಯೇ ಅ² − ಬ² ಎಂದು ಬರೆದುಬಿಡುತ್ತದೆ.

ಭಾಗಾಕಾರದಲ್ಲಿ ಘಾತಾಂಕ ಕಳೆಯುವಾಗ ಆಗುವ ತಪ್ಪು ಸುಲಭವಾಗಿ ಸಿಗುತ್ತದೆ. ಅ³/ಅ⁻² ಎಂದರೆ 3 − (−2), ಅಂದರೆ ಅ⁵. ಆವರಣ ಬರೆಯದೆ ಮನಸ್ಸಿನಲ್ಲೇ ಕಳೆದವರಿಗೆ ಅ¹ ಬರುತ್ತದೆ. 2 ಹಾಕಿದರೆ ಒಂದು 32, ಇನ್ನೊಂದು 2. ಇಲ್ಲಿ ಬೇಕಾದದ್ದು ಆವರಣ ಒಂದೇ.

ಆವರಣದ ಹೊರಗಿನ ಘಾತಾಂಕ ಒಳಗಿನ ಎಲ್ಲರಿಗೂ ತಲುಪದಿರುವುದು ಇನ್ನೊಂದು ಬಗೆ. (2ಅ⁻³ಬ²)⁻² ಎಂಬುದಕ್ಕೆ 2ಅ⁶/ಬ⁴ ಎಂದು ಬರೆಯುವವರು ಅಕ್ಷರಗಳಿಗೆಲ್ಲ ಪಾಲು ಹಂಚಿ 2ನ್ನು ಮರೆತಿರುತ್ತಾರೆ. 2ಕ್ಕೂ −2 ತಲುಪಬೇಕು, ಸರಿಯಾದದ್ದು ಅ⁶/(4ಬ⁴). 2 ಮತ್ತು 3 ಹಾಕಿದರೆ ಆವರಣದೊಳಗೆ 9/4, ಅದರ −2ನೆಯ ಘಾತ 16/81, ಉತ್ತರವೂ 16/81. ಹಂಚುವಾಗ ಘಾತಾಂಕಗಳನ್ನು ಗುಣಿಸಬೇಕು, ಕೂಡಬಾರದು. −3 ಮತ್ತು −2 ಸೇರಿ −5 ಆಗಿದ್ದರೆ ಅದೂ ಇಲ್ಲಿಯ ತಪ್ಪೇ.

ಆದರೆ ಹೀಗೆ ಹಂಚುವ ಹಕ್ಕು ಆವರಣದೊಳಗೆ ಗುಣಾಕಾರ ಇದ್ದಾಗ ಮಾತ್ರ. (ಅ + ಬ)⁻¹ ಎಂಬುದನ್ನು ಅ⁻¹ + ಬ⁻¹ ಎಂದು ಹಂಚಿದರೆ 1/5 ಇರಬೇಕಾದ ಕಡೆ 5/6 ಬರುತ್ತದೆ. ಮತ್ತೆ ಅದೇ ಹಳೆಯ ದೋಷ, ಪದವನ್ನು ಅಪವರ್ತನವೆಂದು ಭಾವಿಸಿದ್ದು, ಬೇರೆ ಬಾಗಿಲಿನಿಂದ ಒಳಗೆ ಬಂದಿದೆ.

ಪಿಯುಸಿಯವರಿಗೆ ಪ್ರತ್ಯೇಕವಾಗಿ ಒಂದು ಮಾತು

ಅವಕಲನ ಶುರುವಾದ ಮೇಲೆ ಋಣ ಘಾತಾಂಕಗಳು ಹೊಸ ರೂಪದಲ್ಲಿ ಬರುತ್ತವೆ. ಅ(ಅ + 1)⁻² ಎಂಬುದನ್ನು ಅವಕಲಿಸಿದರೆ ಸಿಗುವುದು (ಅ + 1)⁻² − 2ಅ(ಅ + 1)⁻³. ಅವಕಲನ ಸರಿಯಾಗಿ ಮಾಡಿ, ಇದನ್ನು ಚೊಕ್ಕ ಮಾಡುವಲ್ಲಿ ಅಂಕ ಕಳೆದುಕೊಳ್ಳುವ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಲ್ಲಿ ಹೊರಗೆ ತೆಗೆಯಬೇಕಾದ ಸಾಮಾನ್ಯ ಅಪವರ್ತನ ಯಾವುದು? 2 ಚಿಕ್ಕದು, 3 ದೊಡ್ಡದು ಎಂದು (ಅ + 1)⁻² ಹೊರಗೆ ತೆಗೆಯುತ್ತಾರೆ. ಹಾಗೆ ಮಾಡಿದರೆ ತಪ್ಪಲ್ಲ, ಆದರೆ ಆವರಣದೊಳಗೆ (ಅ + 1)⁻¹ ಉಳಿದುಕೊಂಡು ಮತ್ತೆ ಕಾಡುತ್ತದೆ. ಅನೇಕರು ಆ ಉಳಿಕೆಯನ್ನು (ಅ + 1) ಎಂದು ತಪ್ಪಾಗಿ ಬರೆದುಬಿಡುತ್ತಾರೆ. ಸಂಖ್ಯಾರೇಖೆಯ ಮೇಲೆ −3 ಎಂಬುದು −2ಕ್ಕಿಂತ ಎಡಕ್ಕಿದೆ, ಅಂದರೆ ಚಿಕ್ಕದು. ಹೊರಗೆ ಬರಬೇಕಾದದ್ದು ಅದೇ: (ಅ + 1)⁻³. ಒಳಗೆ ಉಳಿಯುವ ಘಾತಾಂಕ ಕಂಡುಹಿಡಿಯಲು ಇದ್ದದ್ದರಿಂದ ಹೊರಗೆ ತೆಗೆದದ್ದನ್ನು ಕಳೆಯಿರಿ: −2 − (−3), ಅಂದರೆ 1. ಒಳಗೆ (ಅ + 1) − 2ಅ, ಅಂದರೆ 1 − ಅ. ಉತ್ತರ (1 − ಅ)/(ಅ + 1)³. ತಾಳೆಗೆ 2 ಹಾಕಿ: 1/9 − 4/27, ಅಂದರೆ −1/27. ಉತ್ತರವೂ −1/27.

ತಾಳೆ ನೋಡುವ ಯಂತ್ರವೇ ದಾರಿ ತಪ್ಪಿಸಿದಾಗ

ಬೆಲೆ ಹಾಕಲು ಕ್ಯಾಲ್ಕ್ಯುಲೇಟರ್ ಬಳಸುವವರು ಎರಡು ಕಡೆ ಜಾಗರೂಕರಾಗಿರಬೇಕು. ಭಿನ್ನರಾಶಿಯನ್ನು ಒಂದೇ ಸಾಲಿನಲ್ಲಿ ಒತ್ತುವಾಗ ಅಂಶಕ್ಕೊಂದು, ಛೇದಕ್ಕೊಂದು ಆವರಣ ಕಡ್ಡಾಯ. 1/2 + 1/3 ಭಾಗಿಸು 1/4 − 1/9 ಎಂದು ಆವರಣವಿಲ್ಲದೆ ಒತ್ತಿದರೆ ಯಂತ್ರ ಭಾಗಾಕಾರವನ್ನು ಮೊದಲು ಮಾಡಿ ಬೇರೆಯದೇ ಲೆಕ್ಕಕ್ಕೆ ಉತ್ತರ ಕೊಡುತ್ತದೆ. ಎರಡನೆಯದು, ಋಣ ಸಂಖ್ಯೆ ಹಾಕಿ ತಾಳೆ ನೋಡುವಾಗ. −3² ಎಂದು ಒತ್ತಿದರೆ ಸಾಮಾನ್ಯ ವೈಜ್ಞಾನಿಕ ಕ್ಯಾಲ್ಕ್ಯುಲೇಟರ್ −9 ಎನ್ನುತ್ತದೆ, ಗಣಿತದ ರೂಢಿಯೂ ಅದೇ. ಆದರೆ ಎಕ್ಸೆಲ್ ಹಾಳೆಯಲ್ಲಿ =-3^2 ಎಂದು ಬರೆದರೆ 9 ಬರುತ್ತದೆ, ಏಕೆಂದರೆ ಅದು ಮುಂದಿನ ಋಣ ಚಿಹ್ನೆಯನ್ನು ಮೊದಲೇ ಸಂಖ್ಯೆಗೆ ಅಂಟಿಸಿಕೊಳ್ಳುತ್ತದೆ. ಆವರಣ ಹಾಕಿದರೆ ಈ ಜಗಳ ಎರಡೂ ಕಡೆ ಇರುವುದಿಲ್ಲ.

ತಪ್ಪೇ ಇಲ್ಲದಿದ್ದರೂ ತಪ್ಪೆನಿಸುವುದು

ಕೆಲವೊಮ್ಮೆ ನಿಮ್ಮ ಉತ್ತರ ಪುಸ್ತಕದ ಉತ್ತರದಂತೆ ಕಾಣುವುದಿಲ್ಲ, ಆದರೆ ಎರಡು ಸುತ್ತಿನ ತಾಳೆಯಲ್ಲೂ ಬೆಲೆ ಒಂದೇ ಬರುತ್ತದೆ. ಆಗ ರಬ್ಬರ್ ಕೆಳಗಿಡಿ. ಅಬ/(ಬ − ಅ), −ಅಬ/(ಅ − ಬ), 1/(ಅ⁻¹ − ಬ⁻¹) ಮೂರೂ ಒಂದೇ. ಮೊದಲನೆಯದರಲ್ಲಿ ಅಂಶವನ್ನೂ ಛೇದವನ್ನೂ −1ರಿಂದ ಗುಣಿಸಿದರೆ ಎರಡನೆಯದು. ಮೂರನೆಯದು ಒಂದು ಸೊಗಸಾದ ದಾರಿಯಲ್ಲಿ ಸಿಗುತ್ತದೆ: ಅ⁻² − ಬ⁻² ಎಂಬುದು ಎರಡು ವರ್ಗಗಳ ವ್ಯತ್ಯಾಸ, ಅದು (ಅ⁻¹ − ಬ⁻¹)(ಅ⁻¹ + ಬ⁻¹) ಎಂದು ಒಡೆಯುತ್ತದೆ, ಮೇಲಿನ ಅ⁻¹ + ಬ⁻¹ ಜೊತೆ ಹೊಡೆದು ಹೋಗುತ್ತದೆ. ಘಾತಾಂಕಗಳನ್ನು ಧನವಾಗಿಯೇ ಬರೆಯಿರಿ ಎಂದು ಪ್ರಶ್ನೆಯಲ್ಲಿ ಕೇಳಿದ್ದರೆ ಮೂರನೆಯದು ಇನ್ನೂ ಮುಗಿಯದ ಉತ್ತರ. ಹಾಗೆಂದು ಅದು ತಪ್ಪು ಉತ್ತರವಲ್ಲ, ನಾನು ತಿದ್ದುವಾಗ ಅದಕ್ಕೆ ಅಡ್ಡಗೆರೆ ಎಳೆಯುವುದಿಲ್ಲ.

ಒಂದು ಕಡೆ ಮಾತ್ರ ಮೂಲ ಲೆಕ್ಕಕ್ಕೂ ಸಂಕ್ಷೇಪಿಸಿದ ಉತ್ತರಕ್ಕೂ ನಿಜವಾದ ವ್ಯತ್ಯಾಸವಿದೆ. ಅಬ/(ಬ − ಅ) ಎಂಬುದಕ್ಕೆ 'ಅ' ಸೊನ್ನೆಯಾದರೂ ಬೆಲೆ ಇದೆ, 'ಅ' ಜಾಗದಲ್ಲಿ −ಬ ಹಾಕಿದರೂ ಬೆಲೆ ಇದೆ. ಮೂಲ ಲೆಕ್ಕಕ್ಕೆ ಎರಡೂ ಸಂದರ್ಭಗಳಲ್ಲಿ ಬೆಲೆಯಿಲ್ಲ. ಮೊದಲನೆಯದರಲ್ಲಿ ಅ⁻¹ಗೆ ಅರ್ಥವಿಲ್ಲ, ಎರಡನೆಯದರಲ್ಲಿ ಛೇದ ಸೊನ್ನೆ. ಆದ್ದರಿಂದ ಉತ್ತರದ ಪಕ್ಕದಲ್ಲಿ 'ಅ', 'ಬ' ಸೊನ್ನೆಯಲ್ಲ, ಅ ≠ ಬ, ಅ ≠ −ಬ ಎಂದು ಬರೆಯಬೇಕು. ಆ ಹುಡುಗಿಯ ಲೆಕ್ಕದಲ್ಲಿ ಅ − 3ರ ಪಕ್ಕ ಬರಬೇಕಾದದ್ದು ಅ ≠ 0, ಅ ≠ −3. ಪುಸ್ತಕದ ಕೊನೆಯ ಉತ್ತರದಲ್ಲಿ ಅದು ಇರಲಿಲ್ಲ. ಅವಳು ಮಾತ್ರ ಎರಡನ್ನೂ ತಾನೇ ಕಂಡುಕೊಂಡು ಪೆನ್ಸಿಲ್‌ನಲ್ಲಿ ಬರೆದುಕೊಂಡು ಹೋದಳು.